ಬಟ್ಟೆ ಕೋಣೆಯ ತಾಲೀಮು

ಮನೆಯ ವಾಷಿಂಗ್ ಮೆಷಿನ್ ನಿಂತುಹೋದದ್ದು ಭಾನುವಾರ ಬೆಳಿಗ್ಗೆ, ಹೊಟ್ಟೆ ತುಂಬ ನೀರು, ನೀರಿನ ತುಂಬ ಮಕ್ಕಳ ಯೂನಿಫಾರ್ಮು ಇಟ್ಟುಕೊಂಡು. ಒಮ್ಮೆ ಗುರ್ರೆಂದಿತು, ಒಮ್ಮೆ ಬಿಕ್ಕಳಿಸಿತು, ಆಮೇಲೆ ಮೀಟಿಂಗಿನಲ್ಲಿ ನಿದ್ದೆಹೋದ ದೊಡ್ಡ ಸಾಹೇಬರ ಹಾಗೆ ಒಂದು ಕಡೆಗೆ ವಾಲಿಕೊಂಡು ಸುಮ್ಮನಾಯಿತು. ರಿಪೇರಿಯವನು ಬಂದ, ಹಿಂಬದಿಯ ಮುಚ್ಚಳ ತೆಗೆದ, ಮುಚ್ಚಳ ಹಾಕಿದ, ಚಪ್ಪಲಿ ಮೆಟ್ಟಿಕೊಂಡ. ಇದರ ಕತೆ ಮುಗೀತು, ಹೊಸದು ನೋಡಿಕೊಳ್ಳಿ ಎಂದು ಬಾಗಿಲಲ್ಲೇ ಹೇಳಿ ಇಳಿದುಹೋದ.

ಮನೆಯವರೆಲ್ಲ ಸತ್ತ ಮೆಷಿನ್ನನ್ನು ನೋಡುತ್ತಿದ್ದರೆ ಫೋನಪ್ಪ ಮಾತ್ರ ಅದರ ಪಕ್ಕದ ಸಂದಿಯನ್ನು ನೋಡುತ್ತಿದ್ದ.

ಫೋನಪ್ಪ ಅವನ ನಿಜವಾದ ಹೆಸರಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವುದು ಅವನ ಕೆಲಸವಾದ್ದರಿಂದ ನೆರೆಹೊರೆಯವರು ಇಟ್ಟ ಹೆಸರು. ಬೆಳಗಿನಿಂದ ಸಂಜೆಯ ತನಕ ನೀರು ಬಂದಿಲ್ಲ ಎಂದು ಬೈಯುವವರು, ಕೊಳಕು ನೀರು ಬಂತೆಂದು ಬೈಯುವವರು, ಬಂದ ನೀರು ನಿಲ್ಲುತ್ತಲೇ ಇಲ್ಲವೆಂದು ಬೈಯುವವರು. ಎಲ್ಲರಿಗೂ "ನೋಡ್ತೀವಿ ಸಾರ್" ಎಂದು ಹೇಳಿ ಹೇಳಿ ಮನೆಗೆ ಬಂದರೆ, ಅಲ್ಲಿ ಪೆನ್ಸಿಲ್ ಕಿತ್ತುಕೊಂಡಳೆಂದು ಮಗ, ಕೂದಲು ಜಗ್ಗಿದನೆಂದು ಮಗಳು. ಇವೆರಡರ ನಡುವೆ ಅವನಿಗಿದ್ದ ಒಂದೇ ಆಸರೆ ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆ. ಕೋಣೆ ಎಂದರೆ ಮರ್ಯಾದೆಗೆ ಹಾಗನ್ನಬೇಕು. ಬೀರುವೊಂದಕ್ಕೆ ಕಿಟಕಿ ಇಟ್ಟ ಹಾಗಿತ್ತು ಅಷ್ಟೆ. ಆದರೆ ಅದಕ್ಕೆ ಒಳಗಿನಿಂದ ಚಿಲಕವಿತ್ತು. ಮೆಷಿನ್ನಿಗೂ ಗೋಡೆಗೂ ನಡುವೆ ಬಕೆಟ್ಟು ಬೋರಲು ಹಾಕಿ ಒಬ್ಬ ಕೂರುವಷ್ಟು ಸಂದಿಯಿತ್ತು. ದಿನಾ ಸಂಜೆ "ಬಟ್ಟೆ ನಾನು ಹಾಕ್ತೀನಿ ಬಿಡು" ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ, ಚಿಲಕ ಹಾಕಿ, ಮೆಷಿನ್ನು ತಿರುಗಿ ಮುಗಿಯುವ ತನಕ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಅಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮೆಷಿನ್ನು ಮಾತಾಡುತ್ತಿತ್ತು, ಆದರೆ ಉತ್ತರ ಬಯಸುತ್ತಿರಲಿಲ್ಲ.

ಇದರಿಂದ ಅವನಿಗೆ ಒಳ್ಳೆ ಹೆಸರೂ ಬಂದಿತ್ತು. ಸ್ಕೂಲಿನಲ್ಲಿ ಟೀಚರಾಗಿದ್ದ ಹೆಂಡತಿ, ನಮ್ಮ ಮನೆಯವರು ಬಟ್ಟೆ ಕೆಲಸವನ್ನು ನನ್ನ ಕೈಗೇ ಬಿಡೋದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು, ಅಲ್ಲಿನ ಎಷ್ಟೋ ಸಂಸಾರಗಳಲ್ಲಿ ಜಗಳ ಹಚ್ಚಿದ್ದಳು. ಫೋನಪ್ಪ ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸುತ್ತಿದ್ದ. ಈಗ ಹೊಸ ಮೆಷಿನ್ನು ಬಂದು ಆ ಸಂದಿಯನ್ನು ನುಂಗಿದರೆ ಅವನು ಹೋಗುವುದೆಲ್ಲಿಗೆ? ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ.

ಹೆಂಡತಿ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಈ ಸಲ ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮೆಷಿನ್ನೇ ಬೇಕು, ಜೊತೆಗೆ ಒಣಗಿಸುವ ಡ್ರೈಯರೂ ಬೇಕು. ಎರಡನ್ನೂ ಪಕ್ಕಪಕ್ಕ ಇಡಬೇಕು, ಮೇಲೆ ಹಲಗೆ ಹಾಕಿಕೊಂಡರೆ ಬಟ್ಟೆ ಮಡಿಸುವುದಕ್ಕೆ ಒಳ್ಳೆ ಮೇಜಾಗುತ್ತದೆ. ಪಕ್ಕಪಕ್ಕ ಎಂದರೆ ಗೋಡೆಯಿಂದ ಗೋಡೆಗೆ.

ಅಂಗಡಿಗೆ ಹೊರಟದ್ದು ಗಂಡ ಹೆಂಡತಿ ಇಬ್ಬರೇ. ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ತಿಳಿದ ಮೇಲಿನ ಮನೆಯ ನಿವೃತ್ತ ಇಂಜಿನಿಯರ್ ಸೇರಿಕೊಂಡರು. ಸೇತುವೆ ಕಟ್ಟಿಸಿದವರು; ಈಗ ಕಟ್ಟಿಸಲು ಸೇತುವೆ ಇಲ್ಲದೆ ಇಡೀ ಕಟ್ಟಡದ ಸಂಸಾರಗಳ ಉಸ್ತುವಾರಿ ವಹಿಸಿದ್ದರು. ಎದುರುಮನೆಯ ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಬೀದಿಯ ತಿರುವಿನಲ್ಲಿ ಮಂಚ, ಬೀರು ಮಾರುವ ಭಾವ, ಅಂದರೆ ಹೆಂಡತಿಯ ಅಣ್ಣ, ಅಂಗಡಿಗೆ ಬೀಗ ಹಾಕಿ ಜೊತೆಯಾದ. ಭಾವ ಗಾತ್ರದಲ್ಲಿ ತಾನು ಮಾರುವ ಬೀರುವಿನಂತೆಯೇ ಇದ್ದ.

ಅಂಗಡಿಯ ಹುಡುಗ ಮೆಷಿನ್ನುಗಳ ಸಾಲಿನ ಮುಂದೆ ನಿಂತು, ಒಗೆಯುವುದು ಒಣಗಿಸುವುದು ಎರಡನ್ನೂ ಒಂದರಲ್ಲೇ ಮಾಡುವ ಮಾದರಿಯಿಂದ ಶುರುಮಾಡಿದ. ಫೋನಪ್ಪನ ಮುಖ ಅರಳಿತು. ಆದರೆ ಅದರಲ್ಲಿ ಒಗೆದಷ್ಟನ್ನು ಒಂದೇ ಸಲ ಒಣಗಿಸಲಾಗದು, ಒಂದು ಒಣಗುವ ತನಕ ಇನ್ನೊಂದು ಹಾಕಲಾಗದು ಎಂದು ಹುಡುಗನೇ ಒಪ್ಪಿಕೊಂಡಾಗ ಹೆಂಡತಿ, ಮಕ್ಕಳಿಬ್ಬರ ಯೂನಿಫಾರ್ಮಿನ ಗತಿ ಏನೆಂದು ಕೇಳಿ ಅದನ್ನು ಅಲ್ಲಿಗೇ ಮುಗಿಸಿದಳು.

"ಹಾಗಾದ್ರೆ ಒಂದರ ಮೇಲೊಂದು ಇಡೋಣ," ಎಂದ ಫೋನಪ್ಪ, ಈಗಷ್ಟೇ ಹೊಳೆದವನಂತೆ. "ಕೆಳಗೆ ಒಗೆಯೋದು, ಮೇಲೆ ಒಣಗ್ಸೋದು."

"ಮೇಲಿನ ಬಾಗಿಲು ನನಗೆ ಎಟುಕುತ್ತೇನ್ರೀ?"

ಸಲಹೆಗಾರರು ಮೈ ಕೊಡವಿಕೊಂಡು ಎದ್ದರು. ಪಕ್ಕಪಕ್ಕವೇ ಸರಿ, ಮೇಲಿನ ಹಲಗೆಗೆ ಒಳ್ಳೆ ತೇಗ ತನ್ನಲ್ಲಿದೆ ಎಂದ ಭಾವ. ಹೇಗಾದರೂ ಇಡಿ, ಡ್ರೈಯರ್ ಮಾತ್ರ ಚೆನ್ನಾಗಿ ಬಿಸಿಯಾಗುವಂಥದ್ದಿರಲಿ ಎಂದಳು ಟೈಲರಮ್ಮ. ಬಿಸಿಗೆ ಬಟ್ಟೆ ಕುಗ್ಗಿದರೆ ಹೊಲಿಗೆ ಬಿಚ್ಚಿ ಸಡಿಲಿಸುವವಳು ಅವಳೇ ತಾನೆ. ಇಂಜಿನಿಯರು ಕನ್ನಡಕ ಒರೆಸಿಕೊಂಡು, ಮುಂಬಾಗಿಲಿನ ಮೆಷಿನ್ನು ಹಿಂಡುವಾಗ ಕುದುರೆಯ ಹಾಗೆ ಕುಣಿಯುತ್ತದೆ, ಅದರ ಬೆನ್ನ ಮೇಲೆ ಇನ್ನೊಂದನ್ನು ಕೂರಿಸಿದರೆ ಕಂಪನ ಎಷ್ಟು ಎಂದು ಯಾರಾದರೂ ಯೋಚಿಸಿದ್ದೀರಾ ಎಂದು ಎಲ್ಲರನ್ನೂ ಕೇಳಿದರು. ಯಾರೂ ಯೋಚಿಸಿರಲಿಲ್ಲ. ಎರಡನ್ನೂ ಬಿಗಿದು ಕಟ್ಟುವ ಪಟ್ಟಿ ಕೊಡ್ತೀವಿ ಸಾರ್ ಎಂದ ಹುಡುಗನನ್ನು ಅವರು ಕರುಣೆಯಿಂದ ನೋಡಿದರು.

ಫೋನಪ್ಪ ಮೊದಲು ಭಾವನ ಕಡೆ ತಿರುಗಿದ. "ನಿಮ್ಮಂಗಡಿಯಿಂದ ಒಂದು ಸ್ಟೂಲು ತಗೊಳ್ಳೋಣ ಭಾವ. ಅದರ ಮೇಲೆ ಹತ್ತಿ ನಿಂತ್ರೆ ಇವಳಿಗೆ ಎಟುಕುತ್ತೆ. ಒಳ್ಳೇದೇ ಕೊಡಿ. ಬೆನ್ನಿಗೆ ಒರಗು ಇರೋದು, ಮೆತ್ತೆ ಇರೋದು."

"ಅಲ್ರೀ, ಹತ್ತೋ ಸ್ಟೂಲಿಗೆ ಮೆತ್ತೆ ಯಾಕೆ?" ಎಂದ ಭಾವ.

"ಕಾಲಿಗೆ ಒತ್ತಬಾರದು. ದಿನವಿಡೀ ಪಾಠ ಮಾಡಿ ನಿಂತು ನಿಂತು ಬಂದಿರ್ತಾಳೆ ಪಾಪ. ನಾನು ಮಾಡೋದೆಲ್ಲ ಇವಳ ಸುಖಕ್ಕೇ ಅಲ್ವಾ?"

ಟೈಲರಮ್ಮ ಸೆರಗಿನ ತುದಿ ಕಣ್ಣಿಗೊತ್ತಿಕೊಂಡಳು. ಮೆತ್ತೆಯ ಸ್ಟೂಲು ಬಹಳ ಕಾಲದಿಂದ ಖರ್ಚಾಗದೆ ಉಳಿದಿತ್ತಾದ್ದರಿಂದ ಭಾವನ ಅಭಿಪ್ರಾಯವೂ ಅಲ್ಲೇ ಬದಲಾಯಿತು. ಹೆಂಡತಿ ಮಾತ್ರ ಜಗ್ಗಲಿಲ್ಲ. ಆಗ ಇಂಜಿನಿಯರು, ಬಾಯಿಮಾತಲ್ಲಿ ಬಗೆಹರಿಯುವ ವಿಷಯವಲ್ಲ ಇದು, ತಾಲೀಮು ಮಾಡಿಯೇ ನೋಡಬೇಕು ಎಂದರು. ಅಂಗಡಿಯ ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ.

ತಾಲೀಮು ಅವರ ಕಟ್ಟಡದ ಪದ್ಧತಿ. ಹಿಂದೊಮ್ಮೆ ಯಾರದೋ ಮನೆಯ ಫ್ರಿಜ್ಜು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲಿನವರೆಲ್ಲ ಅದನ್ನು ಹತ್ತಿಳಿದು ಓಡಾಡಬೇಕಾಗಿ ಬಂದಿತ್ತು. ಅಂದಿನಿಂದ ಯಾವ ದೊಡ್ಡ ವಸ್ತು ಬರುವುದಿದ್ದರೂ ಮೊದಲು ಅದೇ ಗಾತ್ರದ ಮನುಷ್ಯರನ್ನು ಒಳಗೆ ಬಿಟ್ಟು ನೋಡಬೇಕೆಂದು ಇಂಜಿನಿಯರು ವಿಧಿಸಿದ್ದರು. ಸೋಫಾ ಬಂದಾಗ ಅಕ್ಕಪಕ್ಕದವರು ಸೊಂಟ ಹಿಡಿದುಕೊಂಡು ಸಾಲಾಗಿ ಮೆಟ್ಟಿಲು ಹತ್ತಿದ್ದರು. ಒಬ್ಬರ ಮನೆಗೆ ಬಂದ ಡಬಲ್ ಮಂಚವಾಗಿ ನಟಿಸಿದವರ ನಡುವೆ ಇಂದಿಗೂ ಮಾತುಕತೆ ಇಲ್ಲ.

ಟೈಲರಮ್ಮ ಅಂಗಡಿಯ ಮೆಷಿನ್ನಿನ ಸುತ್ತಳತೆ ತೆಗೆದು, ಅಭ್ಯಾಸಬಲದಿಂದ ಹೊಲಿಗೆಗೂ ಒಂದಿಷ್ಟು ಬಿಟ್ಟಳು. ಆಮೇಲೆ ಅದೇ ಟೇಪನ್ನು ಭಾವನ ಸುತ್ತ ಹಾಯಿಸಿ, ಸರಿಹೋಗುತ್ತೆ ಎಂದಳು.

ಮನೆಗೆ ಬಂದು ಮೊದಲು ಪಕ್ಕಪಕ್ಕದ ಪರೀಕ್ಷೆಯಾಯಿತು. ಹಳೇ ಮೆಷಿನ್ನನ್ನು ಅಡುಗೆಮನೆಗೆ ಎಳೆದುಹಾಕಿದರು. ಒಗೆಯುವ ಮೆಷಿನ್ನಾಗಿ ಭಾವ ಕುಕ್ಕರಗಾಲಲ್ಲಿ ಕೂತ. ಡ್ರೈಯರಾಗಿ ಫೋನಪ್ಪ ಪಕ್ಕದಲ್ಲಿ ತೂರಿಕೊಂಡ. ಬಾಗಿಲು ತೆಗೀರಿ ಎಂದು ಹೊರಗಿನಿಂದ ಇಂಜಿನಿಯರ ಅಪ್ಪಣೆಯಾಯಿತು. ಇಬ್ಬರೂ ತೋಳು ಬಿಚ್ಚಿದರು. ಫೋನಪ್ಪ ಯಾವ ಕಂಪನಿಯ ಡ್ರೈಯರಿಗೂ ಇಲ್ಲದಷ್ಟು ಅಗಲವಾಗಿ ಬಿಚ್ಚಿದ. ಮೊಣಕೈ ಗೂಡಿಗೆ ತಗುಲಿ ಸೋಪಿನ ಪುಡಿಯ ಡಬ್ಬ ಭಾವನ ತಲೆಯ ಮೇಲೆ ಮಗುಚಿತು.

"ನೋಡಿದ್ರಾ," ಎಂದ ಫೋನಪ್ಪ ಖೇದದಿಂದ. "ಪಕ್ಕಪಕ್ಕ ಆಗೋದೇ ಇಲ್ಲ."

ಇನ್ನು ಒಂದರ ಮೇಲೊಂದರ ಪರೀಕ್ಷೆ. ಹಿಟ್ಟಲ್ಲಿ ಹೊರಳಿಸಿ ತೆಗೆದ ಹಾಗಿದ್ದ ಭಾವನ ಹೆಗಲ ಮೇಲೆ ಫೋನಪ್ಪನನ್ನು ಹತ್ತಿಸಿದರು. ಅವನ ತಲೆ ಚಾವಣಿಗೆ ತಗುಲಿತು. ಕಂಪನದ ಪರೀಕ್ಷೆ ಹೇಗೆಂದು ಇಂಜಿನಿಯರು ಯೋಚಿಸುತ್ತಿರುವಾಗಲೇ ಸೋಪಿನ ಪುಡಿ ಮೂಗಿಗೇರಿ ಭಾವ ಸೀನತೊಡಗಿದ. ಸೀನೆಂದರೆ ಅಂಥಿಂಥ ಸೀನಲ್ಲ. ಕಿಟಕಿಯ ಗಾಜು ಅದುರಿತು. ಮೇಲಿನ ಡ್ರೈಯರು ನಲ್ಲಿಯ ಪೈಪು ತಬ್ಬಿಕೊಂಡು ಕಣ್ಣು ಮುಚ್ಚಿತಾದರೂ ಬೀಳಲಿಲ್ಲ. ಇಂಜಿನಿಯರು ಮೆಚ್ಚಿ ತಲೆಯಾಡಿಸಿದರು.

ಮುಂದೆ ಹೆಂಡತಿಯ ಸರದಿ. ಅವಳು ಬಕೆಟ್ಟಿನ ಮೇಲೆ ಹತ್ತಿ, ಬೆಳಗಿನಿಂದ ನೆನೆದಿದ್ದ ಮಗನ ಅಂಗಿಯೊಂದನ್ನು ಡ್ರೈಯರಿಗೆ ಹಾಕಿದಳು, ಅಂದರೆ ಗಂಡನ ಮುಖದ ಮೇಲೆ. ಈಗ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತೋ ನೋಡಿ ಎಂದರು ಇಂಜಿನಿಯರು. ಅವಳು ಒಳಗಿನಿಂದ ದೂಡಿದಳು. ಬಾಗಿಲು ಮುಚ್ಚಿಕೊಂಡಿತು. ಅದೇ ಗಳಿಗೆಯಲ್ಲಿ ಭಾವನ ಕಾಲು ಜೋಮು ಹಿಡಿದು, ಅವನು ಕೂತಲ್ಲೇ ಮುಂದಕ್ಕೆ ಜಾರಿ, ಹೊಟ್ಟೆ ಹೋಗಿ ಬಾಗಿಲಿಗೆ ಬಿಗಿಯಾಗಿ ಒತ್ತಿಕೊಂಡಿತು. ಬಾಗಿಲು ತೆರೆಯುವುದು ಒಳಮುಖವಾಗಿ.

ಹೊರಗೆ ಇಂಜಿನಿಯರು ಬಾಗಿಲು ಕಿತ್ತು ತೆಗೆಯುವ ಯೋಜನೆ ವಿವರಿಸತೊಡಗಿದರು. ಮಕ್ಕಳು ಅಮ್ಮಾ ಎಂದು ಕೂಗಿದರು. ಆದರೆ ಹಳೇ ಕಾಲದ ದಪ್ಪ ಬಾಗಿಲು. ಆ ಗದ್ದಲವೆಲ್ಲ ಒಳಗೆ ಬರುವಾಗ ಪಕ್ಕದ ಬೀದಿಯ ರೇಡಿಯೋದಷ್ಟಾಗಿತ್ತು.

ಭಾವ ಬಾಗಿಲಿಗೆ ಕೆನ್ನೆ ಆನಿಸಿಕೊಂಡ.

"ಏನ್ ನೆಮ್ಮದಿಯಾಗಿದೆ ಕಣೇ ಇಲ್ಲಿ," ಎಂದ ಭಾವ ತಂಗಿಗೆ. "ಯಾರು ಕರೆದ್ರೂ ಕೇಳ್ಸೋದೇ ಇಲ್ಲ."

ಒದ್ದೆ ಅಂಗಿಯೊಳಗಿನಿಂದಲೇ ಫೋನಪ್ಪ ಬಾಯಿ ಹಾಕಿದ. "ನೆಮ್ಮದಿ ಎಲ್ಲಿಂದ ಬಂತು ಭಾವ, ಬರೀ ಥಂಡಿ," ಎಂದ ಅವಸರವಾಗಿ. "ಗೋಡೆಯೆಲ್ಲ ಬೂಷ್ಟು. ಜಿರಳೆ ಬೇರೆ. ನಾನಾಗಿದ್ದಕ್ಕೆ ದಿನಾ ಹೇಗೋ ಸಹಿಸ್ಕೊಂಡು ಬರ್ತಿದ್ದೀನಿ."

ನಿಲ್ಲಲು ಜಾಗವಿಲ್ಲದೆ ಹೆಂಡತಿ ಬಕೆಟ್ಟಿನ ಮೇಲೆ ಕೂತು, ಗೋಡೆಗೆ ಒರಗಿದ್ದಳು. ಅವಳ ಮುಖ ಹೇಗಿತ್ತೆಂದು ಮೇಲಿನ ಡ್ರೈಯರಿಗೆ ಕಾಣುವಂತಿರಲಿಲ್ಲ. ಅದಕ್ಕೆ ಕಾಣುತ್ತಿದ್ದುದು ಸ್ಕೂಲಿನ ಅಂಗಿಯ ಜೇಬು ಮಾತ್ರ.

ಕೊನೆಗೆ ಬಿಡಿಸಿದವಳು ಟೈಲರಮ್ಮ. ಬಾಗಿಲಿಗೆ ಬಾಯಿಟ್ಟು, "ಅಣ್ಣಾವ್ರೇ, ಪ್ಯಾಂಟಿನ ಅಳತೆ ಕೊಡುವಾಗ ಎಲ್ರೂ ಮಾಡೋ ಹಾಗೆ ಮಾಡಿ. ಉಸಿರು ಬಿಟ್ಟು ಹೊಟ್ಟೆ ಒಳಗೆಳ್ಕೊಳ್ಳಿ," ಎಂದಳು. ಭಾವ ಹಾಗೇ ಮಾಡಿದ. ಬಾಗಿಲು ಒಂದಿಷ್ಟು ತೆರೆಯಿತು, ಡ್ರೈಯರು ಹೆಗಲಿನಿಂದ ಉದುರಿತು, ಮೊದಲು ಭಾವ, ಆಮೇಲೆ ಫೋನಪ್ಪ ಹೊರಬಂದರು. ಹೆಂಡತಿಯನ್ನು ಮಾತ್ರ ಹೆಸರು ಹಿಡಿದು ಮತ್ತೆ ಮತ್ತೆ ಕರೆಯಬೇಕಾಯಿತು.

ಹೊರಬಂದವಳು ಸೆರಗು ಕೊಡವಿಕೊಂಡು, "ಒಂದರ ಮೇಲೊಂದೇ ಇರಲಿ," ಎಂದಳು. "ಸ್ಟೂಲೂ ತರ್ಸಿ."

ಫೋನಪ್ಪನಿಗೆ ಕುಣಿಯಬೇಕೆನಿಸಿತು. ಸೊಂಟ ಉಳುಕಿದ್ದರಿಂದ ಕುಣಿಯಲಿಲ್ಲ.

ಸಂಜೆಗೆಲ್ಲ ಅಂಗಡಿಯವರು ಮೆಷಿನ್ನು ತಂದರು. ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದರು, ಪಟ್ಟಿ ಬಿಗಿದು ಮೇಲೆ ಡ್ರೈಯರು ಕೂರಿಸಿದರು, ಪೈಪು ಸಿಕ್ಕಿಸಿದರು, ಹಳೆಯದನ್ನು ಹೊತ್ತುಕೊಂಡು ಹೋದರು. ಭಾವ ಕಳಿಸಿದ ಸ್ಟೂಲು ಉಳಿದ ಸಂದಿಯಲ್ಲಿ ಎರಕ ಹೊಯ್ದ ಹಾಗೆ ಕೂತಿತು. ಫೋನಪ್ಪ ಹೆಬ್ಬೆರಳಿನಿಂದ ಮೆತ್ತೆಯನ್ನು ಒತ್ತಿ ನೋಡಿದ. ಬೋರಲು ಬಕೆಟ್ಟಿನ ಅಂಚು ತನ್ನ ಮೈಮೇಲೆ ಮಾಡಿದ್ದ ಗಾಯಗಳನ್ನೆಲ್ಲ ಕ್ಷಮಿಸಿಬಿಟ್ಟ.

ನೆರೆಯವರು ಗಾಜಿನ ಬಾಗಿಲಿನ ಅಂದ ನೋಡಿ, ತಾವಿಲ್ಲದಿದ್ದರೆ ಏನಾಗುತ್ತಿತ್ತೆಂದು ಹೇಳಿ ಹೋದ ಮೇಲೆ ಅವನು ಮನೆಯೆಲ್ಲ ಸುತ್ತಿ ಬಟ್ಟೆ ಒಟ್ಟುಮಾಡಿದ. ಮೊದಲ ದಿನ, ಬೇಗ ಮುಗಿದುಹೋಗಬಾರದು. ನೆಂದ ಯೂನಿಫಾರ್ಮು, ಅಂಗಿ, ಸೀರೆ, ಟವೆಲು, ಮಗಳು ತಲೆಯಿಟ್ಟುಕೊಂಡಿದ್ದ ದಿಂಬಿನ ಕವರು, ಹೊಸಿಲ ಬಳಿಯ ಕಾಲೊರಸು, ಕೊನೆಗೆ ಕಿಟಕಿಯ ಪರದೆಯನ್ನೂ ಇಳಿಸಿದ. ಒಗೆಯಬಹುದಾದ ಒಂದು ಚೂರು ಬಟ್ಟೆಯೂ ಮನೆಯಲ್ಲಿ ಉಳಿಯಲಿಲ್ಲ. ಗುಡ್ಡದಂತಿದ್ದ ಬುಟ್ಟಿ ಎತ್ತಿಕೊಂಡು, ಗುನುಗುನಿಸುತ್ತ ಕೋಣೆಯ ಮುಂದೆ ಬಂದು ಬಾಗಿಲು ತಳ್ಳಿದ.

ಬಾಗಿಲು ಅಲ್ಲಾಡಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

"ಯಾರು?" ಎಂದಳು ಹೆಂಡತಿ ಒಳಗಿನಿಂದ.

"ನಾನೇ. ಬಟ್ಟೆ ಹಾಕೋಣ ಅಂತ."

"ಬೇಡ ರೀ. ಇಷ್ಟು ವರ್ಷ ಆ ಥಂಡೀಲಿ, ಜಿರಳೆ ಜೊತೆ ಪಾಪ ನೀವೊಬ್ರೇ ಕಷ್ಟಪಟ್ಟಿದ್ದೀರಿ. ಇನ್ಮೇಲೆ ಈ ಕೆಲಸ ನಂದು. ನೀವು ಮಕ್ಕಳ ಹೋಂವರ್ಕ್ ನೋಡ್ಕೊಳ್ಳಿ."

"ಇವತ್ತೊಂದು ದಿನ..."

"ಶುರು ಮಾಡ್ಬಿಟ್ಟಿದ್ದೀನಿ. ಈಗಷ್ಟೇ ಹಾಕ್ದೆ, ಮುಗಿಯೋಕೆ ಹೊತ್ತಾಗುತ್ತೆ."

ಫೋನಪ್ಪ ಕಿವಿಗೊಟ್ಟ. ಹೌದು, ಹೊಸ ಮೆಷಿನ್ನು ಮೆತ್ತಗೆ, ಹಿತವಾಗಿ ತಿರುಗುತ್ತಿತ್ತು. ಅವನು ಕೈಯಲ್ಲಿದ್ದ ಬುಟ್ಟಿಯನ್ನು ನೋಡಿದ. ಯೂನಿಫಾರ್ಮು ಇಲ್ಲಿತ್ತು, ಸೀರೆ ಇಲ್ಲಿತ್ತು, ಕಾಲೊರಸೂ ಇಲ್ಲೇ ಇತ್ತು. ಮತ್ತೆ ಬಾಗಿಲನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದು, ತಾನು ಯಾವ ಮುಖ ಇಟ್ಟುಕೊಂಡು ಕೇಳುವುದೆಂದು ತಿಳಿಯದೆ ಮುಚ್ಚಿಕೊಂಡ.

"ಸ್ಟೂಲು ಬಹಳ ಚೆನ್ನಾಗಿದೆ ರೀ," ಎಂದಿತು ಒಳಗಿನ ದನಿ, ಆಗಲೇ ನಿದ್ದೆ ಹತ್ತಿದ ಹಾಗೆ.

ಪೆನ್ಸಿಲಿನ ದೂರು ಹೊತ್ತು ಮಕ್ಕಳಿಬ್ಬರೂ ಓಡಿಬಂದರು. ಅಮ್ಮ ಒಳಗೆ ಏನು ಮಾಡುತ್ತಿದ್ದಾಳೆಂದು ಮಗಳು ಕೇಳಿದಳು.

"ಬಟ್ಟೆ ಒಗೀತಿದ್ದಾಳೆ ಪುಟ್ಟಿ," ಎಂದ ಫೋನಪ್ಪ, ಬುಟ್ಟಿಯನ್ನು ಬೆನ್ನ ಹಿಂದೆ ಮರೆಮಾಡುತ್ತ.