ಗಾಡಿಗೆ ನಾನು ಕಂಡುಹಿಡಿದ ರೋಗ

ಔರಾದಿನ ಒಂದು ಓಣಿಯಲ್ಲಿ ಹಾಯುವಾಗ ನಾನು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತೇನೆ. ಎಪ್ಪತ್ತು ದಾಟಿದ ಮುದುಕಿ, ಹಳೆಯ ಕಾಲದ ಮರ್ಯಾದೆ ಎಂದು ನೋಡಿದವರು ತಿಳಿದುಕೊಳ್ಳಲಿ. ನಿಜ ಸಂಗತಿ ಏನೆಂದರೆ, ಆ ಓಣಿಯವರು ನನ್ನ ಗುರುತು ಹಿಡಿಯಬಾರದು.

ಎಲ್ಲ ಶುರುವಾದದ್ದು ನಮ್ಮ ಯಜಮಾನರ ಸೊಂಟದಿಂದ. ನಮ್ಮವರು ಧೊಂಡಿಬಾ, ಭಾತಂಬ್ರಾದ ಕುರಿಗಾರರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಬೀದರದ ಡಾಕ್ಟರು ಕಬ್ಬಿಣ ಹಾಕಿ ಕೂಡಿಸಿ, ಕೈಗೆ ನಾಲ್ಕು ಕಾಲಿನ ಕೋಲು ಕೊಟ್ಟು ಕಳಿಸಿದರು. "ಈಗ ನನಗ ಆರು ಕಾಲು. ಕುರಿಗಿಂತ ಎರಡು ಜಾಸ್ತಿ" ಎಂದು ನಮ್ಮವರು ಒಂದು ವಾರ ನಗಿಸಿದರು. ಆಮೇಲೆ ನಗಿಸುವುದನ್ನು ಬಿಟ್ಟರು.

ಯಾಕೆಂದರೆ ನಮ್ಮ ಹಿಂಡು ಔರಾದ ಕಡೆಯ ಹೊಲಗಳಲ್ಲಿ ತಂಗಿತ್ತು, ನನ್ನ ಮೈದುನ ಶಿವಕಾಂತನ ಸುಪರ್ದಿಯಲ್ಲಿ. ಅಲ್ಲಿಗೆ ಯಜಮಾನರನ್ನು ಒಯ್ಯುವುದು ಹೇಗೆ? ಪಿಕಪ್ ಹತ್ತಬೇಕೆಂದರೆ ಕಾಲು ಎದೆಯವರೆಗೆ ಎತ್ತಬೇಕು. ಬಾಡಿಗೆ ಕಾರು ತಂದರೆ ಎರೆಮಣ್ಣಿನ ದಾರಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಅಂಟುತ್ತದೆ. ಟ್ರ್ಯಾಕ್ಟರಿನಲ್ಲಿ ಕೂಡಿಸಿದರೆ ಡಾಕ್ಟರು ಹಾಕಿದ ಕಬ್ಬಿಣ ಬೇರೆ, ಮನುಷ್ಯ ಬೇರೆ ಆಗಿ ಹೊಲ ಮುಟ್ಟಬಹುದು. ಹೀಗಾಗಿ ಹನ್ನೊಂದು ತಿಂಗಳು ಅವರು ಕಟ್ಟೆಯ ಮೇಲೆ ಕೂತು ಓಣಿಯಲ್ಲಿ ಹೋಗುವ ಮಂದಿಯ ಮೇಕೆಗಳನ್ನು ಎಣಿಸಿದರು. ಒಂದು ಮಧ್ಯಾಹ್ನ ಹಳೆಯ ಕಂಬಳಿಯನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದರು. ನಾನು ನೋಡಿಯೂ ನೋಡದ ಹಾಗೆ ಒಳಗೆ ಬಂದೆ.

ನಮ್ಮ ಮಗ ದಿಲೀಪ ಜೇಸಿಬಿ ಬಾಡಿಗೆಗೆ ಬಿಡುತ್ತಾನೆ. ಅವನು ತೀರ್ಮಾನ ಮಾಡಿದ: "ಬಾಬಾಗ ದೊಡ್ಡ ಗಾಡಿ ತರ್ತೇನಿ. ಹೊರದೇಶದ್ದು, ಡೀಸೆಲ್‌ದು. ಕೆಸರಾಗೂ ಹೋಗ್ತದ, ಒಳಗ ಗಾದಿ ಹಾಸಿದಂಗ ಇರ್ತದ." ಹೊಸದಕ್ಕೆ ನಮ್ಮ ಹೊಲದ ಜೊತೆ ಪಕ್ಕದವರ ಹೊಲವನ್ನೂ ಮಾರಬೇಕು. ಹತ್ತು ಹನ್ನೊಂದು ವರ್ಷ ಓಡಿದ್ದಾದರೆ ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತದಂತೆ. ಆದರೆ ನೋಡಿ ತರಬೇಕು.

ನೋಡುವುದನ್ನು ಕಲಿಯಲು ದಿಲೀಪ, ಸೊಸೆ ಶೀತಲ ಇಬ್ಬರೂ ಊಟವಾದ ಮೇಲೆ ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಕೂತರು. ನಾನು ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದೆ. ನನ್ನ ಓದು ಎರಡನೇ ಇಯತ್ತೆಗೆ ಮುಗಿಯಿತು. ಅಕ್ಷರ ನನ್ನ ಹತ್ತಿರ ನಿಲ್ಲುವುದಿಲ್ಲ, ಆದರೆ ಕಿವಿಗೆ ಬಿದ್ದ ಮಾತು ಬಿಟ್ಟು ಹೋಗುವುದಿಲ್ಲ. ಮೊಬೈಲಿನೊಳಗಿನವನು ಹೇಳಿದ: ಇಂಜಿನ್ ತಣ್ಣಗಿದ್ದಾಗಲೇ ಶುರು ಮಾಡಿ ನೋಡಿ, ಮಾರುವವರು ಮೊದಲೇ ಬಿಸಿ ಮಾಡಿಟ್ಟು ಮೋಸ ಮಾಡುತ್ತಾರೆ. ಹೊಗೆಯ ಬಣ್ಣ ನೋಡಿ. ಆಯಿಲ್ ಮುಚ್ಚಳದ ಒಳಗೆ ಬೆಳ್ಳನೆ ನೊರೆ ಇದ್ದರೆ ಬಿಟ್ಟು ಬನ್ನಿ. ಕೆಳಗೆ ತೂರಿ ತುಕ್ಕು ನೋಡಿ. ನನಗೆ ಆಶ್ಚರ್ಯವಾಯಿತು. ಕುರಿ ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕಣ್ಣಿನ ರೆಪ್ಪೆ ಎಳೆದು ರಕ್ತ ನೋಡುತ್ತೇವೆ, ನಾಲ್ಕು ಹೆಜ್ಜೆ ಓಡಿಸಿ ಕೆಮ್ಮು ಕೇಳುತ್ತೇವೆ. ಈ ಪುಣ್ಯಾತ್ಮನೂ ನಮ್ಮ ಕಸುಬಿನವನೇ!

ಕೊನೆಗೆ ಅವನು ದನಿ ಏರಿಸಿ, "ನಿಂತಿರುವ ಗಾಡಿ ತಾನಾಗಿ ಕೆಳಗೆ ಕುಸಿದರೆ ಎಚ್ಚರ! ಅದರ ಕಾಲುಗಳಲ್ಲಿ, ಅಂದರೆ ಗಾಡಿಯನ್ನು ಎತ್ತಿ ಹಿಡಿಯುವ ಗಾಳಿಚೀಲಗಳಲ್ಲಿ, ಗಾಳಿ ಸೋರುತ್ತಿದೆ, ರಿಪೇರಿಗೆ ಲಕ್ಷ ಬೇಕು" ಎಂದ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ನಾನು ಓಡಿದೆ. ಮರಳಿ ಬರುವ ಹೊತ್ತಿಗೆ ಅವನು ಟಾಯರಿನ ಮಾತಿಗೆ ಹೋಗಿದ್ದ. (ಆ ಹಾಲನ್ನು ನಾನು ಇನ್ನೂ ಕ್ಷಮಿಸಿಲ್ಲ.)

ಮೊದಲ ಗಾಡಿ ನೋಡಿದ್ದು ಬೀದರದ ಚಿದ್ರಿಯಲ್ಲಿ, ಹಳೆ ಗಾಡಿ ಮಾರುವ ಕಲೀಮನ ಹತ್ತಿರ. ಗಾಡಿ ಬೇವಿನ ಮರದ ಕೆಳಗೆ ಮಿರಿಮಿರಿ ಹೊಳೆಯುತ್ತಿತ್ತು.

"ಖಾಲಾ, ಕೈ ಹಚ್ಚಬ್ಯಾಡ್ರಿ, ಪಾಲಿಶ್ ಹೋಗ್ತದ" ಎಂದ ಕಲೀಮ.

ನಾನು ಅಷ್ಟರಲ್ಲಿ ಅದರ ಹಣೆಯ ಮೇಲೆ ಅಂಗೈ ಇಟ್ಟಾಗಿತ್ತು. "ದಿಲೀಪಾ, ಇದಕ್ಕ ಜ್ವರ ಅದ."

"ಬಿಸಲಿಂದು ಖಾಲಾ."

"ನೆರಳಾಗ ನಿಂತದಲ್ಲಪ್ಪಾ. ನಾವು ಬರೋಕ್ಕಿಂತ ಮೊದಲ ಓಡಿಸಿ ಬೆಚ್ಚಗ ಮಾಡಿ ಇಟ್ಟೀ. ಯಾಕ?"

ಕಲೀಮ ದಿಲೀಪನ ಮುಖ ನೋಡಿದ. ದಿಲೀಪ ಬೇವಿನ ಮರ ನೋಡಿದ. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಹೋದೆವು. ತಣ್ಣಗಿದ್ದ ಗಾಡಿ ಮೂರು ಸಲ ಕೆಮ್ಮಿ ನಾಲ್ಕನೇ ಸಲಕ್ಕೆ ಎದ್ದಿತು. ಅದು ಬಿಟ್ಟ ನೀಲಿ ಹೊಗೆಗೆ ಬೇವಿನ ಮರದ ಕಾಗೆಗಳು ಸಂಸಾರಸಮೇತ ಊರು ಬಿಟ್ಟವು. ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಕಡೆದ ಹಾಗೆ ನೊರೆ. ಕಲೀಮ ಕೈ ಮುಗಿದು ನಕ್ಕ: "ಖಾಲಾ, ಇಲ್ಲಾ ನಮ್ಮ ದುಕಾನದಾಗ ಬಂದು ಕೆಲಸ ಮಾಡ್ರಿ, ಇಲ್ಲಾ ಈ ಕಡಿ ಮತ್ತ ಬರಬ್ಯಾಡ್ರಿ. ಎರಡರಾಗ ಒಂದು."

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಸುದ್ದಿ ಭಾಲ್ಕಿ ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಭಾತಂಬ್ರಾದ ಪುತಳಾಬಾಯಿ ಹಣೆ ಮುಟ್ಟಿ ಇಂಜಿನ್ನಿನ ಜಾತಕ ಹೇಳುತ್ತಾಳಂತೆ! ಮೋಟರ್ ಸೈಕಲ್ ತಂದರು, ಆಟೋ ತಂದರು, ಹಿಟ್ಟಿನ ಗಿರಣಿಯವರು ಮೋಟರು ತೋರಿಸಿದರು. ನಾನೂ ಗಂಭೀರವದನೆಯಾಗಿ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಹ್ಞೂಂ" ಎನ್ನುತ್ತಿದ್ದೆ.

"ನನ್ನ ಹಣಿ ಮುಟ್ಟಿ ನೋಡು ಅಂದ್ರ ನೋಡಲ್ಲ, ಊರ ಗಾಡಿಗೋಳ ಹಣಿ ಮುಟ್ಕೋತ ತಿರಗ್ತಿ" ಎಂದರು ನಮ್ಮವರು.

"ನಿಮ್ಮ ಹಣಿ ಐವತ್ತು ವರ್ಷದಿಂದ ಬಿಸೀನೇ ಅದ. ಅದರಾಗ ನೋಡೋದು ಏನದ?"

ಎರಡನೇ ಗಾಡಿ ಔರಾದಿನಲ್ಲಿ. ಗಾಡಿಯ ಮಾಲೀಕ ಬದ್ರೋದ್ದೀನ, ಸಣ್ಣಪುಟ್ಟ ಸೇತುವೆ ಕಟ್ಟಿಸಿ ಈಗ ಮನೆಯಲ್ಲಿರುವ ಹಿರಿಯ ಮನುಷ್ಯ. "ಈಗ ಮನ್ಯಾಗ ಹತ್ತೋರು ಇಲ್ರಿ, ಅದಕ್ಕ ಕೊಡ್ತೇನಿ" ಎಂದು ಫೋನಿನಲ್ಲಿ ಹೇಳಿದ್ದರಂತೆ. ಒಳ್ಳೆಯ ಕುರಿಯನ್ನು ಯಾರಾದರೂ ಸುಮ್ಮನೆ ಮಾರುತ್ತಾರೆಯೆ? ನನಗೆ ಅಲ್ಲೇ ಸಂಶಯ ಹುಟ್ಟಿತು. ಈ ಸಲ ನಮ್ಮವರೂ ಬಂದಿದ್ದರು. ಬಾಡಿಗೆ ಕಾರಿನಿಂದ ಅವರನ್ನು ಹೊರಗೆ ತೆಗೆಯಲು ದಿಲೀಪ ಮತ್ತು ಡ್ರೈವರ್ ಇಬ್ಬರೂ ಬೇಕಾಯಿತು. ಅವರು ಮುಖ ಅತ್ತ ತಿರುಗಿಸಿಕೊಂಡಿದ್ದರು.

ದಿಲೀಪ ಗಾಡಿಯ ಕೆಳಗೆ ತೂರಿದ. ತುಕ್ಕಿಲ್ಲ. ಆಯಿಲ್ ಜೇನಿನ ಹಾಗೆ. ಹನ್ನೊಂದು ವರ್ಷದ ಸರ್ವಿಸಿನ ಚೀಟಿಗಳು ತಾರೀಖಿನ ಪ್ರಕಾರ ಫೈಲಿನಲ್ಲಿದ್ದವು. ಕೀಲಿಕೈ ಎರಡೂ ಇದ್ದವು. ನಾನು ಹಣೆ ಮುಟ್ಟಿದೆ, ಗಡಿಗೆಯ ಹಾಗೆ ತಣ್ಣಗಿತ್ತು. ಒಂದೇ ಸಲಕ್ಕೆ ಶುರುವಾಯಿತು. ಹೊಗೆಯ ಕೊಳವೆಗೆ ನನ್ನ ಕರವಸ್ತ್ರ ಹಿಡಿದೆ, ಕಲೆಯಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಬೇಸರವಾಯಿತು. ಓಣಿಯಲ್ಲಿ ಹತ್ತು ಮಂದಿ ನೆರೆದಿದ್ದರು, "ಚಿದ್ರಿ ಕಲೀಮಗ ಹಿಡದಾಕಿ ಈಕೀನೇ" ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳುತ್ತಿದ್ದರು. ರೋಗ ಸಿಗದ ವೈದ್ಯೆಗೆ ಎಲ್ಲಿಯ ಮರ್ಯಾದೆ?

ಬದ್ರೋದ್ದೀನ ಫೈಲು ಒಳಗಿಟ್ಟು ಬರುವಷ್ಟರಲ್ಲಿ ದಿಲೀಪ, ಡ್ರೈವರ್ ಸೇರಿ ನಮ್ಮವರನ್ನು ಎತ್ತಿ ಕೂಡಿಸಿದ್ದರು. ಎಲ್ಲರೂ ಕೂತು ಊರ ಹೊರಗಿನ ಎರೆಮಣ್ಣಿನ ದಾರಿಯಲ್ಲಿ ಒಂದು ಸುತ್ತು ಹೋದೆವು. ಗುಂಡಿ, ಕಲ್ಲು, ಹಳ್ಳದ ಕೆಸರು ಯಾವುದೂ ಒಳಗೆ ಕೂತವರಿಗೆ ಗೊತ್ತಾಗಲಿಲ್ಲ. ಒಂದು ಕಡೆ ಯಾರದೋ ಕುರಿಗಳು ಮೇಯುತ್ತಿದ್ದವು. ನಮ್ಮವರು ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದರು. "ದಿಲೀಪಾ, ಇದು ಇರಲಿ" ಎಂದರು. ಹನ್ನೊಂದು ತಿಂಗಳಲ್ಲಿ ಅವರು ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ಮರಳಿ ಬಂದು ಗಾಡಿ ನಿಂತಿತು. "ಸ್ವಲ್ಪ ತಡೀರಿ, ಪುತಳಾಬಾಯಿ" ಎಂದರು ಬದ್ರೋದ್ದೀನ. ನಾನು ತಡೆಯಲಿಲ್ಲ. ಬಾಗಿಲಿನ ಹಿಡಿಗೆ ಜೋತು ಬಿದ್ದು ದೊಪ್ಪನೆ ಇಳಿದು, ಓಣಿಯ ಮಂದಿಯ ಮುಂದೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ. ಹಿಂದಿನಿಂದ 'ಹುಸ್ಸ್' ಎಂದು ಸದ್ದು. ನೋಡುತ್ತೇನೆ, ಗಾಡಿ ನಿಂತಲ್ಲೇ ಒಂದು ಗೇಣು ಕುಸಿಯಿತು!

ಸಿಕ್ಕಿತು ರೋಗ! ಮಂದಿಯ ಕಡೆ ತಿರುಗಿದೆ.

"ನೋಡ್ರೆಪ್ಪಾ ನೋಡ್ರಿ! ಇದರ ಕಾಲಾಗ ಗಾಳಿ ನಿಂದರಂಗಿಲ್ಲ! ಲಕ್ಷ ರೂಪಾಯಿ ರೋಗ! ಕುರಿಗಿ ಉಪ್ಪು ತಿನಿಸಿ, ನೀರು ಕುಡಿಸಿ, ಹೊಟ್ಟಿ ಉಬ್ಬಿಸಿ ಸಂತಿಗಿ ತರ್ತಾರಲ್ಲ, ಹಂಗ ಗಾಳಿ ತುಂಬಿ ನಿಂದರಿಸ್ಯಾರ! ಬಿಳಿ ಅಂಗಿ ಹಾಕ್ಕೊಂಡು ಮುದುಕರಿಗಿ ಮೋಸ ಮಾಡ್ತೀರೇನ್ರಿ?"

"ಯವ್ವಾ, ಸುಮ್ನಿರು" ಎಂದ ದಿಲೀಪ.

"ನೀ ಸುಮ್ನಿರು! ಮೊಬೈಲ್‌ನಾಗ ನಾ ಕಿವ್ಯಾರೆ ಕೇಳೀನಿ."

"ಯವ್ವಾ, ಹಿಂದ ತಿರುಗಿ ನೋಡು."

ತಿರುಗಿದೆ. ನಮ್ಮವರು ನೆಲದ ಮೇಲೆ ನಿಂತಿದ್ದರು. ನಾಲ್ಕು ಕಾಲಿನ ಕೋಲು ಇನ್ನೂ ಗಾಡಿಯೊಳಗೇ ಇತ್ತು. ದಿಲೀಪ ಅವರನ್ನು ಮುಟ್ಟಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಒಂದು ಕೈ ಬಾಗಿಲ ಮೇಲಿಟ್ಟು, ಮನೆಯ ಹೊಸ್ತಿಲು ಇಳಿದವರ ಹಾಗೆ ತಾವೇ ಇಳಿದಿದ್ದರು. ಮುಖದಲ್ಲಿ ಅರಳಿದ್ದ ನಗೆ ನನ್ನ ಮಾತು ಕೇಳಿ ಅರ್ಧಕ್ಕೆ ನಿಂತಿತ್ತು.

ಬದ್ರೋದ್ದೀನ ಒಳಗೆ ಬಾಗಿ ಒಂದು ಗುಂಡಿ ಒತ್ತಿದರು. ಗಾಡಿ ಎದ್ದಿತು. ಮತ್ತೆ ಒತ್ತಿದರು. ಹುಸ್ಸ್, ತಗ್ಗಿತು.

"ರೋಗ ಅಲ್ರಿ ಬಾಯಿ. ನಮ್ಮ ಅಮ್ಮೀಗಿ ಮೊಣಕಾಲು ಎತ್ಲಿಕ್ಕ ಬರ್ತಿದ್ದಿಲ್ಲ. ಹಿಂಗ ತಗ್ಗೋ ಗಾಡೀನೇ ಬೇಕಂತ ಹುಡುಕಿ ತಂದಿದ್ದೆ. ಈಗ ನಿಮ್ಮ ಯಜಮಾನರು ಇಳೀಬೇಕಂತ ಒತ್ತಿದೆ."

ಅವರ ಹೆಂಡತಿ ಅತಿಯಾ ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದರು. ಬದ್ರೋದ್ದೀನ ಅಂಗಿಯ ತೋಳು ಸರಿ ಮಾಡಿಕೊಂಡರು. "ಚಾ ಕುಡೀರಿ. ಗಾಡಿ ಮಾತು ಬ್ಯಾಡ ಈಗ."

ಆ ಚಹಕ್ಕೆ ಸಕ್ಕರೆ ಹಾಕಿದ್ದರೋ ಇಲ್ಲವೋ, ನನಗೆ ನೆನಪಿಲ್ಲ.

ನಮ್ಮವರು ಔರಾದಿನಿಂದ ಭಾಲ್ಕಿಯವರೆಗೆ ಮಾತಾಡಲಿಲ್ಲ, ಭಾಲ್ಕಿಯಿಂದ ಮನೆಯವರೆಗೂ ಮಾತಾಡಲಿಲ್ಲ. ಬೈದಿದ್ದರೆ ಎಷ್ಟು ಚಲೋ ಇತ್ತು! ಮರುದಿನ ಮತ್ತೆ ಕಟ್ಟೆ, ಮತ್ತೆ ಮಂದಿಯ ಮೇಕೆ. ಶೀತಲ ಮೊಬೈಲ್ ತಂದು ನನ್ನ ಮುಂದೆ ಹಚ್ಚಿದಳು. "ಗಾಳಿ ಸೋರುತ್ತಿದೆ, ರಿಪೇರಿಗೆ ಲಕ್ಷ ಬೇಕು" ಎಂದವನು ಉಸಿರು ಎಳೆದುಕೊಂಡು ಮುಂದುವರಿಸಿದ: "ಆದರೆ ಗುಂಡಿ ಒತ್ತಿ ತಗ್ಗಿಸಿದ್ದರೆ ಹೆದರಬೇಡಿ, ಅದು ವಯಸ್ಸಾದವರ ಅನುಕೂಲಕ್ಕೆ."

"ಮತ್ತೊಮ್ಮಿ ಹಚ್ಚಲೇನ್ರಿ ಅತ್ತಿ?"

"ಬ್ಯಾಡವಾ. ಈಗ ಕೇಳಸ್ತು."

ನಾಲ್ಕನೇ ದಿನ ನಾನೇ ನೂತ ಉಣ್ಣೆಯ ಕರಿ ಕಂಬಳಿಯನ್ನು ಬಗಲಲ್ಲಿ ಇಟ್ಟುಕೊಂಡು, ಮನೆಯಲ್ಲಿ ಹೇಳದೆ, ಔರಾದಿನ ಬಸ್ಸು ಹತ್ತಿದೆ. ಬದ್ರೋದ್ದೀನ ಮನೆಯಲ್ಲಿರಲಿಲ್ಲ. ಅತಿಯಾ ಕೂಡಿಸಿ ನೀರು ಕೊಟ್ಟರು. ನಾನು ಕಂಬಳಿಯ ಅಂಚು ಮಡಚುತ್ತಾ ಕೂತೆ. ಅವರೇ ಅತ್ತೆಯ ಸುದ್ದಿ ತೆಗೆದರು. ಎರಡು ವರ್ಷದ ಹಿಂದೆ ತೀರಿದ ಅತ್ತೆ ಗಾಡಿಗೇ ಬೈಯುತ್ತಿದ್ದರಂತೆ: "ತಗ್ಗು ತಗ್ಗು, ಇನ್ನಾ ತಗ್ಗು, ನಾ ಏನು ಆನಿ ಮ್ಯಾಲ ಕೂಡ್ಲಿಕ್ಕ ಬಂದೀನೇನು!" ಅತಿಯಾ ಒಮ್ಮೆ ನಕ್ಕರು, ಒಮ್ಮೆ ಕಣ್ಣು ಒರೆಸಿಕೊಂಡರು. ಎರಡು ತಾಸು ಕೇಳಿದೆ. ಆ ದಿನ ಒಲೆಯ ಮೇಲೆ ಹಾಲಿರಲಿಲ್ಲ.

ಬದ್ರೋದ್ದೀನ ಬಂದವರೇ ಹೊಸ್ತಿಲಲ್ಲಿ ನಿಂತರು. "ಏನ್ರಿ ಬಾಯಿ, ಇವತ್ತೇನು ಟಾಯರ್ ನೋಡ್ಲಿಕ್ಕ ಬಂದೀರೇನು?"

"ಇಲ್ರಿ ಅಣ್ಣಾ. ನನ್ನ ಬಾಯಿ ಸೋರ್ತದ. ತೋರಿಸ್ಲಿಕ್ಕ ಬಂದೀನಿ."

ಮೊದಲು ನಕ್ಕವರು ಅತಿಯಾ. ಬದ್ರೋದ್ದೀನ ನಗಲಿಲ್ಲ, ಕಂಬಳಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇದನ್ನ ಮುಂದಿನ ಸೀಟಿಗಿ ಹಾಸ್ರಿ. ಯಜಮಾನರಿಗಿ ಚಲೋ ಆಗ್ತದ. ಆದ್ರ ಒಂದು ಮಾತು. ಓಣಿ ಮಂದಿ ಮುಂದ ರೋಗ ಅಂದೀರಿ. ಇಲ್ಲ ಅನ್ನೋದೂ ಅವರ ಮುಂದೇ ಅನ್ರಿ."

ಹತ್ತು ಮಂದಿ ಇದ್ದ ಓಣಿಯಲ್ಲಿ ಈಗ ಇಪ್ಪತ್ತು ಮಂದಿ. ನಾನು ಗಾಡಿಯ ಪಕ್ಕ ನಿಂತು ಕೈ ಮುಗಿದೆ. "ಗಾಡಿ ನಿರೋಗಿ ಅದರೀ. ರೋಗ ಇದ್ದಿದ್ದು ನನಗ." ಆಮೇಲೆ ಹಿಂದಿನಿಂದ ಯಾರೋ ಕೂಗಿದರು: "ಬಾಯಿ, ಹಂಗೇ ನಮ್ಮ ಮೋಟರ್ ಸೈಕಲ್‌ಗೂ ಒಂದು ಕೈ ಹಚ್ಚಿ ಹೋಗ್ರಿ!" ಸೆರಗು ಹುಬ್ಬಿಗೆ ಬಂದದ್ದು ಅವತ್ತೇ.

ಮುಂದಿನ ಸೋಮವಾರ ಗಾಡಿ ನಮ್ಮದಾಯಿತು. ಆ ದಿನವೇ ಹಿಂಡಿಗೆ ಹೊರಟೆವು. ಕಂಬಳಿಯ ಮೇಲೆ ನಮ್ಮವರು, ಹಿಂದಿನ ಸೀಟಿನಲ್ಲಿ ನಾನು. ಹೊಲದ ನಡುವೆ ಗಾಡಿ ನಿಂತು ತಗ್ಗಿತು. ನಮ್ಮವರು ಇಳಿದರು. ಶಿವಕಾಂತ ಹಗ್ಗ ಕೈಬಿಟ್ಟು ಓಡಿ ಬಂದ. ಅವನಿಗಿಂತ ಮೊದಲು ಕುರಿಗಳು ಬಂದವು. ನಮ್ಮವರು ಅವುಗಳ ನಡುವೆ ಕೋಲು ಊರಿ ನಿಂತು ಒಂದೊಂದರ ಬೆನ್ನು ತಡವುತ್ತಿದ್ದರು. ಕಿವಿ ಹಿಡಿದು ಒಂದನ್ನು ಬೈದರು, ಅದು ಅವರ ಧೋತರ ಕಚ್ಚಿತು.

ನಾನು ಬುತ್ತಿಯ ಗಂಟು ಹುಡುಕಿ ಇಳಿಯುವ ಮೊದಲೇ ದಿಲೀಪ ಗಾಡಿಯನ್ನು ಮರದ ನೆರಳಿಗೆ ಹಚ್ಚಲು ಮತ್ತೆ ಮೇಲಕ್ಕೆ ಎತ್ತಿ, ಅಲ್ಲಿ ನಿಲ್ಲಿಸಿ, ಇಳಿದು ಹೋದ. ನಾನು ಒಳಗೇ ಉಳಿದೆ. ಕೆಳಗೆ ನೋಡಿದೆ, ನೆಲ ಬಹಳ ದೂರದಲ್ಲಿತ್ತು. ಔರಾದಿನಲ್ಲಿ ದೊಪ್ಪನೆ ಹಾರಿದ ದಿನದಿಂದ ನನ್ನ ಮೊಣಕಾಲೂ ಸರಿಯಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಗುಂಡಿ ಒತ್ತು ಎಂದು ಯಾವ ಬಾಯಿಂದ ಕೇಳಲಿ? ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿ ತೆಗೆದುಕೊಳ್ಳುವವಳ ಹಾಗೆ ಕೂತೆ. ಅರ್ಧ ತಾಸು ಕೂತೆ.

ಕೊನೆಗೆ ನಮ್ಮವರು ಹಿಂಡಿನ ನಡುವಿನಿಂದ ತಲೆ ಎತ್ತಿದರು. ನನ್ನ ಕಡೆ ನೋಡಿದರು, ನನ್ನ ಕಾಲಿನ ಕಡೆ ನೋಡಿದರು, ನೆಲದ ಕಡೆ ನೋಡಿದರು. ಎಷ್ಟೋ ತಿಂಗಳ ಮೇಲೆ, ಹಿಂಡು ಕರೆಯುವ ಆ ಹಳೆಯ ದನಿಯಲ್ಲಿ, ನಾಲ್ಕು ಹೊಲದ ಆಚೆಗೂ ಕೇಳುವ ಹಾಗೆ ಕೂಗಿದರು:

"ಏ ದಿಲೀಪಾ! ನಿಮ್ಮವ್ವ ಇಳೀಬೇಕಾಗ್ಯದ. ಗಾಡಿಗಿ ಆ ರೋಗ ಬರಸು!"