ಕಾರಿನ ಬ್ಯಾಟರಿ ಖಾಲಿ ಮಾಡಿದ ಕಾಡುಹಂದಿಗಳಿಗೆ

ದೇವಿಕೊಪ್ಪದ ಅಡವಿಯಲ್ಲಿ ಸಕುಟುಂಬ ಸಪರಿವಾರ ವಾಸವಾಗಿರುವ ಸಮಸ್ತ ಕಾಡುಹಂದಿ ಮಹಾಶಯರಿಗೆ, ಅಡವಿಯಂಚಿನ ಹೊಲದ ಸಂಗನಬಸವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂಬುದು ನನ್ನ ಗೋವಿನಜೋಳ ನೋಡಿದರೇ ತಿಳಿಯುತ್ತದೆ. ನಾನು ಅಷ್ಟು ಕ್ಷೇಮವಿಲ್ಲ.

ಮಾನ್ಯರೇ, ತಮ್ಮ ಗೌರವಾರ್ಥ ನಾನು ಹೊಲದ ಸುತ್ತ ಝಟಕಾ ತಂತಿ ಎಳೆಸಿರುವುದು ತಮಗೆ ಗೊತ್ತೇ ಇದೆ. ಮುಟ್ಟಿದವರ ಮೂತಿಗೆ ಚುರ್ ಎನ್ನಿಸಿ ಹಿಂದಕ್ಕೆ ಕಳಿಸುವುದಷ್ಟೇ ಅದರ ಕೆಲಸ. ತೆನೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ, ಆ ತಂತಿಗೆ ಕರೆಂಟು ಕೊಡುವ ಮಷಿನ್ನಿನ ಬ್ಯಾಟರಿ ಸತ್ತುಹೋಯಿತು. ಹೊಸದು ತರುವುದು ಬಿಟ್ಟು ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ, ಸಂಜೆಯಾದೊಡನೆ ಕಾರಿನ ಬ್ಯಾಟರಿ ಬಿಚ್ಚಿ ಹೊಲಕ್ಕೆ ಒಯ್ಯುವುದು, ಬೆಳಗಾಗುವುದರೊಳಗೆ ತಂದು ಕೂಡಿಸುವುದು ರೂಢಿ ಮಾಡಿಕೊಂಡೆ. ಹೆಂಡತಿ ಮಹಾನಂದಾಗೆ ಹೇಳಿರಲಿಲ್ಲ.

ಆಕೆ ಖಡಕ್ ರೊಟ್ಟಿ ಬಡಿದು ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡುವಾಕೆ. ಒಯ್ಯುವ ದಿನ ಕಾರು ಹೊಡೆಯಲು ನನ್ನನ್ನು ಕರೆಯಬೇಕು, ನಾನು ಚಹಾ ಕುಡಿದು, ಅಡಿಕೆ ಹಾಕಿ, ಮತ್ತೊಂದು ಚಹಾ ಕುಡಿದು ಏಳಬೇಕು. ಬೇಸತ್ತು ತಾನೇ ಕಲಿತಳು. ಕಲಿಕೆಯ ಲೈಸೆನ್ಸಿನ ಅವಧಿ ಮುಗಿಯಲು ಎರಡೇ ದಿನವಿದ್ದಾಗ, ಹೋದ ಗುರುವಾರ ಹತ್ತು ಗಂಟೆಗೆ, ಧಾರವಾಡದಲ್ಲಿ ಪರೀಕ್ಷೆ ಸಿಕ್ಕಿತ್ತು. ಅದು ತಪ್ಪಿದರೆ ಎಲ್ಲ ಮೊದಲಿನಿಂದ, ಮತ್ತೆ ನನ್ನ ಚಹಾ ಮುಗಿಯುವುದನ್ನು ಕಾಯುವುದೇ ಆಕೆಯ ಪಾಲು.

ತಾವಾದರೋ ಅದರ ಹಿಂದಿನ ರಾತ್ರಿಯನ್ನೇ ಆರಿಸಿ, ಮರಿಮಕ್ಕಳೊಡನೆ ದಯಮಾಡಿಸಿ, ಒಂದು ಕಂಬ ಕೆಡವಿ, ತಂತಿಯನ್ನು ಹಸಿ ಹುಲ್ಲಿನ ಮೇಲೆ ಮಲಗಿಸಿ, ಕರೆಂಟನ್ನೆಲ್ಲ ನೆಲಕ್ಕೆ ಕುಡಿಸಿ, ಬ್ಯಾಟರಿ ಬರಿದಾದ ಮೇಲೆ ಸಾವಕಾಶವಾಗಿ ಊಟಕ್ಕೆ ಕೂತಿರಿ. ಇಂಥ ತಲೆ ಯಾವ ಇಂಜಿನಿಯರಿಗೂ ಇಲ್ಲ, ನಿಜವಾಗಿ ಹೇಳುತ್ತೇನೆ.

ಗುರುವಾರ ಬೆಳಿಗ್ಗೆ ಆಕೆ ಇಳಕಲ್ ಸೀರೆಯುಟ್ಟು ಬಂದು ಸೆಲ್ಫ್ ಹೊಡೆದರೆ ಕಾರು ಟಕ್ ಟಕ್ ಅಂದಿತೇ ಹೊರತು ಏಳಲಿಲ್ಲ. ಕಾರಣ ಬಲ್ಲವನು ನಾನೊಬ್ಬನೇ. ಆದರೂ ಪೆಟ್ರೋಲಿನಲ್ಲಿ ಕಸ ಎಂದೆ, ಥಂಡಿ ಎಂದೆ, ಕೊನೆಗೆ ಆಕೆ ಕೀಲಿ ತಿರುಗಿಸುವ ರೀತಿಯೇ ಸರಿಯಿಲ್ಲ ಎಂದೂ ಅಂದೆ. ಊರಿನ ಮೆಕ್ಯಾನಿಕ್ ಹುಲಿಗೇಶ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ. ಲೈಟ್ ಹಾಕಿಸಿ ನೋಡಿದ, ಮಿಣುಕು ಬೆಳಕು. ಬಾನೆಟ್ ಎತ್ತಿ, ಬ್ಯಾಟರಿಗೆ ಅಂಟಿದ್ದ ಗೋವಿನಜೋಳದ ಎಲೆಯೊಂದನ್ನು ಕಿತ್ತು ಹಿಡಿದು, “ಕಾಕಾ, ಈ ಬ್ಯಾಟರಿ ರಾತ್ರಿ ಎಲ್ಲಿಗೆ ಹೋಗಿತ್ತರಿ?” ಎಂದು ಎಲ್ಲರ ಮುಂದೆ ಕೇಳಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಹಾನಂದಾ ಬೈಯಲಿಲ್ಲ, ಬೈದಿದ್ದರೆ ಬದುಕಿದೆ ಅಂದುಕೊಳ್ಳುತ್ತಿದ್ದೆ. ಹುಲಿಗೇಶ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವಾಯರ್ ಕೊಟ್ಟು ಕಾರು ಎಬ್ಬಿಸಿದ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸಿದ್ದವರು ಇರಬೇಕಲ್ಲ ಎಂದು ನಾನು ಹತ್ತಿ ಕೂತರೆ, “ನೀವು ಇಳೀರಿ, ಹುಲಿಗೇಶ ಹತ್ತಲಿ” ಎಂದಳು. ದಾರಿಯುದ್ದಕ್ಕೂ, ಸರತಿಯಲ್ಲಿ ನಿಂತಾಗಲೂ, ಇಂಜಿನ್ ಬಂದ್ ಮಾಡದೆ ಹೋಗಿ ಪಾಸಾಗಿ ಬಂದಳು. ನನಗೆ ಅಗದಿ ಹೆಮ್ಮೆಯಾಯಿತು, ಆದರೆ ಹೇಳುವ ಧೈರ್ಯ ಬರಲಿಲ್ಲ.

ಅಂದೇ ತೀರ್ಪೂ ಹೊರಬಿತ್ತು: “ಇನ್ನ ಮ್ಯಾಲೆ ಬ್ಯಾಟರಿ ಗಾಡ್ಯಾಗ ಇರತೈತಿ, ಹೊಲದಾಗ ನೀವು ಇರ್ರಿ.” ಆದಕಾರಣ ಮಷಿನ್ನಿನ ಜಾಗದಲ್ಲಿ ಈಗ ಒಂದು ಎಣ್ಣೆಡಬ್ಬಿ, ಒಂದು ಬಡಿಗೆ ಹಿಡಿದು ನಾನೇ ಕೂತಿದ್ದೇನೆ.

ತಾವು ದಯವಿಟ್ಟು ಬರುವ ದಿನವನ್ನು ಮುಂಚಿತವಾಗಿ ತಿಳಿಸಬೇಕು, ಸೋಮವಾರವಾದರೂ ಉಪವಾಸ ಹಿಡಿಯಬೇಕು, ಕೆಡವಿದ ಕಂಬವನ್ನು ಹೋಗುವಾಗ ನಿಲ್ಲಿಸಿ ಹೋಗಬೇಕೆಂದು ವಿನಂತಿ. ನಾವು ಲಿಂಗ ಕಟ್ಟಿದವರು, ತಮ್ಮ ಮಾಂಸದ ಮೇಲೆ ನಮಗೆ ಯಾವ ಆಸೆಯೂ ಇಲ್ಲ. ಈ ಸುದ್ದಿ ತಮ್ಮ ಮರಿಗಳವರೆಗೂ ಮುಟ್ಟಿದಂತೆ ಕಾಣುತ್ತದೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಸಂಗನಬಸವ ಕಳ್ಳಿಮನಿ

ತಾ.ಕ.: ನಾಳೆ ಸಂಜೆ ಮಹಾನಂದಾ ತಾನೇ ಕಾರು ಹೊಡೆದುಕೊಂಡು ನನಗೆ ಬುತ್ತಿ ತರುತ್ತಾಳೆ, ನಾನು ಹೇಗೆ ಕಾಯುತ್ತೇನೆಂದು ಕೂತು ನೋಡುತ್ತಾಳಂತೆ. ನಾನು ಡಬ್ಬಿ ಬಡಿದರೆ ತಾವು ತಲೆಯೆತ್ತಿ, ಸ್ವಲ್ಪ ಕೇಳಿ, ಮತ್ತೆ ತಿನ್ನಲು ತೊಡಗುತ್ತೀರಿ. ಅದೊಂದು ಸಲ ಮಾತ್ರ, ಕೈಮುಗಿಯುತ್ತೇನೆ, ಹೆದರಿದಂತೆ ಹತ್ತು ಹೆಜ್ಜೆ ಓಡಿರಿ. ಆಕೆ ಹೋದ ಮೇಲೆ ಬನ್ನಿ, ತೆನೆ ಎಲ್ಲಿಗೂ ಹೋಗುವುದಿಲ್ಲ.