ಷಡ್ಡಕನ ಮಾವಿನ ಬೇರು

ಅನಂತರಾಜುವಿಗೆ ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಇರುವುದು ಒಂದೇ ಕಾಯಿಲೆ, ಅದರ ಹೆಸರು ಶಿವರಾಜು. ಶಿವರಾಜು ಅವನ ಷಡ್ಡಕ, ಹೆಂಡತಿ ಕುಸುಮಳ ತಂಗಿಯ ಗಂಡ. ಮಾವನವರು ರಾಮನಗರದಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ಅಕ್ಕಪಕ್ಕ ಒಂದೊಂದು ಸೈಟು ಕೊಟ್ಟು ಪುಣ್ಯ ಕಟ್ಟಿಕೊಂಡರು. ಇಬ್ಬರು ಅಳಿಯಂದಿರ ನಡುವೆ ಒಂದೇ ಗೋಡೆ ಬಿಟ್ಟು ಪಾಪವನ್ನೂ ಕಟ್ಟಿಕೊಂಡರು.

ಅತ್ತೆ ದಾಸಮ್ಮ ಅಕ್ಕೂರಿನಿಂದ ಬಂದಾಗಲೆಲ್ಲ ಎರಡೂ ಮನೆಯಲ್ಲಿ ಸಮವಾಗಿ ಮುದ್ದೆ ಉಣ್ಣುತ್ತಿದ್ದರು. ಹೊಗಳಿಕೆ ಮಾತ್ರ ಒಂದೇ ಮನೆಗೆ. ‘ನಮ್ಮ ಶಿವರಾಜಪ್ಪ ಹಂಗೆ, ನಮ್ಮ ಶಿವರಾಜಪ್ಪ ಹಿಂಗೆ.’ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ‘ನಮ್ಮ ಅನಂತರಾಜಪ್ಪ’ ಎಂಬ ಮಾತು ಆ ಬಾಯಿಂದ ಉದುರಿರಲಿಲ್ಲ. ಒಂದೇ ಒಂದು ಸಲ ಅದನ್ನು ಕೇಳಿಬಿಡಬೇಕು ಎಂಬುದು ಅವನ ಜೀವಮಾನದ ಮಹದಾಕಾಂಕ್ಷೆ.

ಅದಕ್ಕೆಂದೇ ಹಿತ್ತಲಲ್ಲಿ ನಾಲ್ಕು ಏರುಮಡಿ ಮಾಡಿಸಿದ. ಮೊಣಕಾಲೆತ್ತರ ಇಟ್ಟಿಗೆ ಕಟ್ಟಿ, ಒಳಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಮೂಟೆಗಟ್ಟಲೆ ರೇಷ್ಮೆ ಹುಳದ ಹಿಕ್ಕೆ ತುಂಬಿಸಿದ. ಅತ್ತೆ ಬಂದಾಗ ತೋಳಿನ ಗಾತ್ರದ ಮೂಲಂಗಿ ಕಿತ್ತು ಅವರ ಮಡಿಲಿಗೆ ಹಾಕುವುದು ಘನ ಯೋಜನೆ. ಮೂರು ತಿಂಗಳಾದ ಮೇಲೆ ಒಂದನ್ನು ಕಿತ್ತು ನೋಡಿದ. ಬಂದದ್ದು ಕಿರುಬೆರಳಿನಷ್ಟು ಮೂಲಂಗಿ, ಅದರ ಹಿಂದೆ ಒಂದು ಮಾರು ಉದ್ದದ ಬೇರು. ಗುದ್ದಲಿ ಹಾಕಿದರೆ ಮಡಿಯ ತುಂಬ ಮಣ್ಣಿಗಿಂತ ಬೇರೇ ಜಾಸ್ತಿ. ಎಲ್ಲವೂ ಗೋಡೆಯ ಅಡಿಯಿಂದ ನುಗ್ಗಿದ್ದವು. ಗೋಡೆಯಾಚೆ ಶಿವರಾಜುವಿನ ಬಾದಾಮಿ ಮಾವಿನ ಮರ.

“ನೋಡೇ ಇಲ್ಲಿ! ಗೊಬ್ಬರ ನಂದು, ನೀರು ನಂದು, ಉಣ್ತಾ ಇರೋದು ಅವನ ಮರ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!”

“ಉಂಡ್ರೂ ಏನ್ ಬಂತು?” ಅಂದಳು ಕುಸುಮ. “ಒಂಬತ್ತು ವರ್ಷ ಆಯ್ತು, ಒಂದು ಮಿಡಿ ಬುಟ್ಟಿಲ್ಲ. ಬರೀ ಎಲೆ.”

“ಅದೊಂದೇ ಕಣೇ ನಂಗಿರೋ ಸಮಾಧಾನ.”

“ಥೂ, ಏನ್ ಹೊಟ್ಟೆಕಿಚ್ಚೂಂದ್ರೆ ನಿಮ್ದು! ನನ್ ತಂಗಿ ಮನೆ ಮರ ಅದು.”

“ಹೊಟ್ಟೆಕಿಚ್ಚಲ್ಲ ಕಣೇ, ನ್ಯಾಯ!” (ಹೊಟ್ಟೆಕಿಚ್ಚೇ. ಅವನಿಗೂ ಗೊತ್ತಿತ್ತು.)

ದಸರಾ ಮುಗಿದ ಮರುವಾರ ಶಿವರಾಜುವಿನ ಮನೆಯವರೆಲ್ಲ ಉಯ್ಯಂಬಳ್ಳಿಗೆ ಮದುವೆಗೆ ಹೋದರು. ಅನಂತರಾಜು ಹಾರೆ, ಗುದ್ದಲಿ, ಕೊಡಲಿ ಹಿಡಿದು ರಣರಂಗಕ್ಕಿಳಿದ. ಗೋಡೆಯ ಉದ್ದಕ್ಕೂ ಎರಡಡಿ ಆಳ ಚರಂಡಿ ತೋಡಿ, ಅಡ್ಡ ಬಂದ ಬೇರು ಕಡಿದು, ಜಿಂಕ್ ಶೀಟು ನಿಲ್ಲಿಸಬೇಕೆಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಹೇಳಿದ್ದರು. ಅವರು ಹೇಳಿದ್ದು ಮಡಿ ಉಳಿಸಿಕೊಳ್ಳುವುದಕ್ಕೆ. ಇವನು ಕಡಿದದ್ದು ಮರ ಒಣಗಲಿ ಎಂದು. ಒಂದೊಂದು ಬೇರು ತುಂಡಾದಾಗಲೂ ಹದಿನಾಲ್ಕು ವರ್ಷದ ಹೊಟ್ಟೆಯುರಿ ಒಂದಿಷ್ಟು ತಣ್ಣಗಾಯಿತು. ಸಂಜೆಯೊಳಗೆ ಚರಂಡಿ ಮುಚ್ಚಿ, ಮೇಲೆ ಕೊತ್ತಂಬರಿ ಬಿತ್ತಿ, ಸಾಧುವಿನ ಹಾಗೆ ಸ್ನಾನ ಮಾಡಿದ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಮರ ನೋಡುವುದೇ ಕೆಲಸ. ಒಂದು ಎಲೆಯೂ ಹಳದಿಯಾಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎಲೆಯೇ ಕಾಣದಷ್ಟು ಹೂ ಬಂತು. ಶಿವರಾತ್ರಿ ಕಳೆಯುವಷ್ಟರಲ್ಲಿ ಗೊಂಚಲು ಗೊಂಚಲು ಕಾಯಿ. ಕೊಂಬೆಗೆ ಊರೆಗೋಲು ಕೊಡಬೇಕಾಯಿತು.

ಎದುರುಮನೆಯ ಮುದುಕ ಮಾಯಣ್ಣ ಗೋಡೆಯ ಹತ್ತಿರ ಬಂದು ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. “ಸೊಕ್ಕಿದ ಮರ ಆಗಿತ್ತು ಕಣಪ್ಪ. ಎಲ್ಲಿಂದಲೋ ಚೆಂದಾಗಿ ಗೊಬ್ಬರ ಉಂಡ್ಕೊಂಡು ಕೊಬ್ಬಿತ್ತು. ಈಗ ಯಾರೋ ಬೇರು ಕಡ್ದು ಸೊಕ್ಕು ಮುರ್ದವ್ರೆ, ಅದ್ಕೇ ಕಾಯಿ ಬುಟ್ಟದೆ. ಪುಣ್ಯಾತ್ಮ!”

ಪುಣ್ಯಾತ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ನಡೆದ.

ಮೇ ತಿಂಗಳಲ್ಲಿ ದಾಸಮ್ಮ ಬಂದರು. ಅನಂತರಾಜುವಿನ ಮಡಿಯಲ್ಲೂ ಈಗ ಬದನೆ ತೊನೆಯುತ್ತಿತ್ತು. ಅತ್ತೆ ಅದರ ಕಡೆ ಅರ್ಧ ಕಣ್ಣು ಹಾಯಿಸಿ, “ಬದ್ನೇಕಾಯಿ ಎಲ್ರ ಮನೇಲೂ ಬುಡ್ತದೆ” ಎಂದು ಪಕ್ಕದ ಮನೆಯ ಜಗಲಿಯಲ್ಲಿ ಕೂತರು. ಮಾವಿನಹಣ್ಣಿನ ರಸ ಮೊಣಕೈಗೆ ಇಳಿಯುತ್ತಿರುವಾಗ, “ಒಂಬತ್ತು ವರ್ಷ ಸುಮ್ಕಿದ್ದ ಮರ! ನಮ್ಮ ಶಿವರಾಜಪ್ಪನ ಕೈಗುಣ ನೋಡ್ರವ್ವ!” ಅಂದರು.

ಅನಂತರಾಜುವಿನ ತಾಳ್ಮೆಯ ಕಟ್ಟೆ ಒಡೆಯಿತು. “ಕೈಗುಣ ಅಲ್ಲ ಅತ್ತೆ, ಕೊಡಲಿ ಗುಣ! ಅದ್ರ ಬೇರು ಕಡ್ದೋನು ನಾನು!”

ಶಿವರಾಜು ಚೀಪುತ್ತಿದ್ದ ಮಾವಿನ ವಾಟೆ ಕೆಳಗಿಟ್ಟ. “ನಮ್ಮ ಮರದ ಬೇರಾ? ಯಾವಾಗಣ್ಣ?”

“ನೀವು ಉಯ್ಯಂಬಳ್ಳಿಗೆ ಹೋಗಿದ್ರಲ್ಲ, ಆಗ.”

“ನಮ್ಗೊಂದ್ ಮಾತು ಹೇಳ್ದೆಲೆ? ಯಾಕಣ್ಣ?”

ಬಾಯಿಗೆ ಬಂದ ನಿಜವನ್ನು ಅನಂತರಾಜು ಕಷ್ಟಪಟ್ಟು ನುಂಗಿದ. “ಯಾಕೇಂದ್ರೆ... ಸೊಕ್ಕು ಮುರಿದ್ರೆ ಮರ ಕಾಯಿ ಬುಡ್ತದಲ್ಲ. ನೀವೆಲ್ಲ ಒಸಿ ಹಣ್ಣು ತಿನ್ಲಿ ಅಂತ...”

ಕುಸುಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ದಾಸಮ್ಮನ ಕಣ್ಣಲ್ಲಿ ನೀರು ಬಂತು. “ನಮ್ಮ ಅನಂತರಾಜಪ್ಪ! ಷಡ್ಡಕನ ಮನೆಗೋಸ್ಕರ ಬಿಸ್ಲಲ್ಲಿ ಒಬ್ರೇ ಅಗೆದ್ರಲ್ಲ! ಚಿನ್ನದಂಥ ಅಳಿಮಯ್ಯ! ಅದೂ ಎಂಥ ವಿದ್ಯೆ ಕಲ್ತವ್ರೆ!”

ಹದಿನಾಲ್ಕು ವರ್ಷದ ತಪಸ್ಸು ಫಲಿಸಿತು. ಅನಂತರಾಜು ಶಿವರಾಜುವಿನ ಮುಖ ನೋಡಿದ. ಅದು ಒಸಿ ಬಾಡಿದ್ದು ಕಂಡು ಸ್ವರ್ಗ ಮೂರೇ ಗೇಣು ಅನ್ನಿಸಿತು. ಆ ಖುಷಿಯಲ್ಲಿ ಅತ್ತೆಯ ಮುಂದಿನ ಮಾತಿಗೂ ತಲೆಯಾಡಿಸಿಬಿಟ್ಟ.

ಹಾಗಾಗಿ ಈ ವರ್ಷ ದಸರಾ ಮುಗಿದ ಮಾರನೆಯ ದಿನ ಅವನು ಅಕ್ಕೂರಿನ ಅತ್ತೆಯ ತೋಟದಲ್ಲಿ ಸೊಂಟದುದ್ದ ಗುಂಡಿಯೊಳಗಿದ್ದ. ಸೊಕ್ಕಿದ ಮಾವಿನ ಮರ ಒಟ್ಟು ಹದಿನೇಳು, ಇದು ಎರಡನೆಯದು. ಜೊತೆಗಿರಲೆಂದು ಶಿವರಾಜುವೂ ಬಂದಿದ್ದ.

“ಶಿವರಾಜಪ್ಪ, ನೀವು ಬಿಸ್ಲಿಗೆ ಬರ್ಬೇಡಿ, ನೆಳ್ಳಲ್ಲೇ ಕೂತ್ಕಳಿ” ಎಂದು ದಾಸಮ್ಮ ಅವನ ಕೈಗೆ ಮಜ್ಜಿಗೆ ಚೊಂಬು ಕೊಟ್ಟರು.

ಶಿವರಾಜು ನಿಧಾನವಾಗಿ ಕುಡಿದು, ಮೀಸೆ ಒರೆಸಿಕೊಂಡು, ಗುಂಡಿಯೊಳಗೆ ಬಗ್ಗಿ ನೋಡಿದ.

“ಅಣ್ಣ, ಇನ್ನೂ ಒಸಿ ಆಳ ಹೋಗಿ. ನಮ್ಮ ಮರದ ಮೇಲಿದ್ದಷ್ಟು ಪ್ರೀತಿ ಇದ್ರ ಮೇಲೂ ಇರ್ಲಿ.”